ಕುದುರೆಯ ಕಿವಿ ಮತ್ತು ಏಳನೇ ನಮೂನೆ

ನನಗೀಗ ಎಪ್ಪತ್ತು ದಾಟಿದೆ. ಈ ವಯಸ್ಸಿನಲ್ಲಿ ತಪ್ಪು ಒಪ್ಪಿಕೊಳ್ಳುವವರು ಸಾಮಾನ್ಯವಾಗಿ ದನಿ ತಗ್ಗಿಸುತ್ತಾರೆ, ಕಣ್ಣು ಒರೆಸಿಕೊಳ್ಳುತ್ತಾರೆ. ನನಗೆ ಬರೆಯಲು ಕೂತರೆ ನಗು ಬರುತ್ತಿದೆ. ಹೆಂಡತಿ ಒಳಗಿನಿಂದ ಎರಡು ಸಲ ಬಂದು ನೋಡಿ ಹೋದಳು. ತಪ್ಪೇನೂ ನಗುವಂಥದ್ದಲ್ಲ. ಒಬ್ಬ ಹೆಂಗಸಿನ ಹೆಸರನ್ನು ನಾನು ಮತದಾರರ ಪಟ್ಟಿಯಿಂದ ತೆಗೆಸಿದೆ. ಸುಳ್ಳು ಬರೆದು, ಸಹಿ ಹಾಕಿ, ಅಧಿಕಾರಿಯ ಮುಂದೆ ನಿಂತು ಹೌದು ಅಂದು ತೆಗೆಸಿದೆ. ಆಕೆ ಬೇರೆ ಯಾರೂ ಅಲ್ಲ, ನನಗೆ ಬೊಂಬೆ ಕೆಲಸ ಕಲಿಸಿದ ಉಸ್ತಾದರ ಮಗಳು.

ನಾನು ಬೈರಾಪಟ್ಟಣದ ಕಡೆಯ ಬೇಸಾಯದ ಮನೆಯವನು. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಹೊಲಕ್ಕೆ ಹೋಗಲು ಮನಸ್ಸಿಲ್ಲದೆ ಚನ್ನಪಟ್ಟಣದ ಉಸ್ತಾದರ ಲೇತಿನ ಮುಂದೆ ಕೂತೆ. ಹಾಲೆ ಮರದ ತುಂಡು ತಿರುಗುತ್ತಿರುವಾಗ ಅದಕ್ಕೆ ಉಳಿ ಕೊಡುವುದು, ಬಣ್ಣದ ಅರಗಿನ ಕಡ್ಡಿ ಒತ್ತುವುದು, ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸುವುದು, ಎಲ್ಲ ಅವರೇ ಕಲಿಸಿದರು. ಅವರ ಮಗಳು ನನಗಿಂತ ಎರಡು ವರ್ಷ ದೊಡ್ಡವಳು. ಅವರ ಮನೆಮಾತಿನಲ್ಲಿ ಅಕ್ಕನಿಗೆ ಅನ್ನುವಂತೆ ನಾನು ಆಪಾ ಅನ್ನುತ್ತಿದ್ದೆ, ಈಗಲೂ ಅನ್ನುತ್ತೇನೆ. ಅವಳು ಅಂದಿನಿಂದ ಇಂದಿನವರೆಗೂ ನನ್ನನ್ನು 'ಏನ್ಲಾ' ಎಂದೇ ಕರೆಯುವುದು. ರೇಷ್ಮೆ ನೂಲು ತೆಗೆಯುವವರ ಮನೆಗೆ ಮದುವೆಯಾಗಿ, ನಲವತ್ತು ವರ್ಷ ಕುದಿಯುವ ನೀರಿನ ತೊಟ್ಟಿಯಲ್ಲಿ ಕೈಯಿಟ್ಟು ಗೂಡಿನ ಎಳೆ ಹುಡುಕಿದಳು. ಗಂಡ ಹೋದ ಮೇಲೆ ನಮ್ಮ ಬೀದಿಗೇ ಬಂದು ಬಾಡಿಗೆ ಮನೆ ಹಿಡಿದಳು. ಓದು ಬರಹ ಇಲ್ಲ. ಬೀದಿಯ ಅರ್ಜಿಗಳನ್ನೆಲ್ಲ ಬರೆಯುವವನು ನಾನೇ ಆದ್ದರಿಂದ ಅವಳ ವಿಧವಾ ವೇತನ, ರೇಷನ್ ಕಾರ್ಡು ಎಲ್ಲ ನನ್ನ ಅಕ್ಷರದಲ್ಲೇ ಇವೆ. ನನ್ನ ಅಕ್ಷರ ಚೆನ್ನಾಗಿದೆ. ಜಂಬ ಅನ್ನಿ, ಪರವಾಗಿಲ್ಲ, ಈ ಕಥೆಯ ಕೇಡೆಲ್ಲ ಶುರುವಾದದ್ದು ಆ ಜಂಬದಿಂದಲೇ.

ಜಂಬ ನನಗೆ ಇನ್ನೊಂದಿತ್ತು, ನನ್ನ ಕುದುರೆಗಳದ್ದು. ಒಂದು ದಿನ ಬೆಂಗಳೂರಿನಿಂದ ಒಂದು ಕಾರಿನ ತುಂಬ ಜನ ಅಂಗಡಿಗೆ ಬಂದಿದ್ದರು. ನಾನು ಒಂದು ಕೆಂಪು ಕುದುರೆಯನ್ನು ಅಂಗೈ ಮೇಲೆ ನಿಲ್ಲಿಸಿಕೊಂಡು ವಿವರಿಸುತ್ತಿದ್ದೆ. ಆಪಾ ಕೊತ್ತಂಬರಿ ಸೊಪ್ಪು ಹಿಡಿದುಕೊಂಡು ಹಾದುಹೋಗುತ್ತಿದ್ದವಳು ನಿಂತಳು.

"ಏನ್ಲಾ, ಇನ್ನೂ ಕತ್ತೆಗೇ ಬಣ್ಣ ಹಚ್ಚಿ ಮಾರ್ತಿದ್ದೀಯಾ?"

"ಕುದ್ರೆ ಕಣಾಪಾ ಇದು."

"ಆ ಕಿವಿ ನೋಡ್ಲಾ! ನಮ್ಮಪ್ಪ ಸಾಯೋಗಂಟ ಹೇಳಿದ್ರು, ಕಿವಿ ಒಸಿ ಗಿಡ್ಡ ಮಾಡೋ ಅಂತ. ಕೇಳಿದ್ಯಾ ನೀನು?"

ಕಾರಿನವರು ನಕ್ಕರು. ಅವರ ಜೊತೆಗಿದ್ದ ಒಬ್ಬಳು ಹೆಣ್ಣುಮಗಳು ಕುದುರೆಯನ್ನು ತಿರುಗಿಸಿ ನೋಡಿ, ಹೌದಲ್ವಾ ಅಂದಳು. ಆ 'ಹೌದಲ್ವಾ' ನನ್ನ ಎದೆಗೆ ನಾಟಿತು. ಯಾಕೆಂದರೆ ಉಸ್ತಾದರು ನಿಜವಾಗಿಯೂ ಹಾಗೆ ಹೇಳಿದ್ದರು, ನಾನು ನಿಜವಾಗಿಯೂ ಕೇಳಿರಲಿಲ್ಲ.

ಅದಾದ ಕೆಲವು ದಿನಕ್ಕೆ ಆಪಾ ಮೊಮ್ಮಗಳ ಬಾಣಂತನಕ್ಕೆಂದು ಕನಕಪುರಕ್ಕೆ ಹೋದಳು. ಮನೆಗೆ ಬೀಗ. ಅದೇ ಹೊತ್ತಿಗೆ ಶಾಲೆಯಲ್ಲಿ ಮತದಾರರ ಪಟ್ಟಿ ಸರಿಪಡಿಸುವ ಶಿಬಿರ ಹಾಕಿದರು. ಹೊಸಬರ ಹೆಸರು ಸೇರಿಸುವ ಆರನೇ ನಮೂನೆ, ತಿದ್ದುಪಡಿಯ ಎಂಟನೇ ನಮೂನೆ, ಬೀದಿಯವರದೆಲ್ಲ ಬರೆದುಕೊಟ್ಟು ಬೆರಳು ನೋಯುತ್ತಿತ್ತು. ಮೇಜಿನ ಮೇಲೆ ಏಳನೇ ನಮೂನೆ ಖಾಲಿ ಬಿದ್ದಿತ್ತು. ಅದು ಬೇರೊಬ್ಬರ ಹೆಸರು ಪಟ್ಟಿಯಲ್ಲಿ ಇರಬಾರದೆಂದು ಆಕ್ಷೇಪಿಸುವ ನಮೂನೆ. ಸತ್ತಿದ್ದಾರೆ, ಊರು ಬಿಟ್ಟಿದ್ದಾರೆ ಅಂತ ಯಾರ ಮೇಲೆ ಬೇಕಾದರೂ ಯಾರು ಬೇಕಾದರೂ ಬರೆಯಬಹುದು. ನನ್ನ ಪೆನ್ನಿನಲ್ಲಿ ಶಾಯಿ ಇತ್ತು, ತಲೆಯಲ್ಲಿ ಕತ್ತೆ ಇತ್ತು. ಆಪಾಳ ಹೆಸರು, ಕ್ರಮಸಂಖ್ಯೆ, 'ಖಾಯಂ ಆಗಿ ಕನಕಪುರಕ್ಕೆ ಸ್ಥಳಾಂತರಗೊಂಡಿರುತ್ತಾರೆ'. ಕೆಳಗೆ ನನ್ನ ಹೆಸರು, ನನ್ನ ಸಹಿ. ಅಷ್ಟು ಸೊಗಸಾಗಿ ನಾನು ಬೇರೆ ಯಾವ ಅರ್ಜಿಯನ್ನೂ ಬರೆದಿಲ್ಲ. ಮನೆಗೆ ಬರುವಾಗ ಶಿಳ್ಳೆ ಹಾಕಿಕೊಂಡು ಬಂದೆ. ಓಟು ಹೋಗುತ್ತದೆ ಅಂತ ಆಗ ಯೋಚಿಸಲಿಲ್ಲ. ಸರ್ಕಾರದ ಕಾಗದಗಳು ಎಲ್ಲೋ ಕಟ್ಟಿನಲ್ಲಿ ಕೊಳೆಯುತ್ತವೆ ಎಂಬ ನಂಬಿಕೆ ನನ್ನದು.

ಕೊಳೆಯಲಿಲ್ಲ. ಆಪಾ ಮೂರು ತಿಂಗಳಿಗೆ ವಾಪಸು ಬಂದಳು, ಅವಳ ಹಿಂದೆಯೇ ನೋಟಿಸು ಬಂತು. ನೋಟಿಸು ಬಂದರೆ ಬೀದಿಯವರು ಎಲ್ಲಿಗೆ ಹೋಗುತ್ತಾರೆ? ನೇರ ನನ್ನ ಲೇತಿನ ಮುಂದೆ ಬಂದು ಕೂತಳು.

"ಓದ್ಲಾ."

ನೋಟಿಸಿನ ಹಿಂದೆ ನನ್ನ ಏಳನೇ ನಮೂನೆಯ ಜೆರಾಕ್ಸ್ ಪಿನ್ನು ಹಾಕಿದ್ದರು. ಅದನ್ನು ಹಿಂದಕ್ಕೆ ಮಡಿಚಿಕೊಂಡೆ. ಹೆಸರು ತೆಗೆಯಬೇಕು ಅಂತ ಯಾರೋ ಆಕ್ಷೇಪಣೆ ಹಾಕಿದ್ದಾರೆ, ವಿಚಾರಣೆ ಇಟ್ಟಿದ್ದಾರೆ, ಇಲ್ಲೇ ಇರುವುದಕ್ಕೆ ದಾಖಲೆ ಕೊಡಬೇಕು ಅಂತ ಓದಿ ಹೇಳಿದೆ.

"ಯಾರ್ಲಾ ಆ ಪುಣ್ಯಾತ್ಮ?"

"ಹೆಸ್ರು ಸರಿಯಾಗಿ ಕಾಣ್ತಿಲ್ಲ ಆಪಾ. ಸೀಲು ಮೇಲೇ ಬಿದ್ಬುಟ್ಟೈತೆ."

ಆಪಾ ಆ ಜೆರಾಕ್ಸನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ತಲೆಕೆಳಗಾಗಿ ಹಿಡಿದಿದ್ದಾಳೆ ಅಂತ ನನಗೆ ಸಮಾಧಾನವಾಯಿತು. ಆಮೇಲೆ ನಿಧಾನಕ್ಕೆ ಸರಿಯಾಗಿ ತಿರುಗಿಸಿದಳು.

"ಸರಿ, ಉತ್ತರ ಬರಿ. ಚೆನ್ನಾಗಿ ಬರೀಬೇಕು ನೋಡು."

ಬರೆದೆ. ನನ್ನ ಆಕ್ಷೇಪಣೆಗೆ ನಾನೇ ಉತ್ತರ ಬರೆದೆ. ಸ್ವಲ್ಪ ಹೊತ್ತಿಗೆ ಹುರುಪು ಬಂದುಬಿಟ್ಟಿತು. ಸದರಿ ಆಕ್ಷೇಪಣೆದಾರನು ದುರುದ್ದೇಶದಿಂದಲೂ ಅಸೂಯೆಯಿಂದಲೂ ಕೂಡಿದವನಾಗಿದ್ದು, ಇತ್ಯಾದಿ. ನಾಲ್ಕು ಪುಟವಾಯಿತು. ಆಪಾ ಪಕ್ಕದಲ್ಲಿ ಕೂತು ಕೇಳಿ ಕೇಳಿ ತಲೆದೂಗುತ್ತಿದ್ದಳು.

"ಅವ್ನೊಬ್ಬ ಕತ್ತೆ ಅಂತ್ಲೂ ಸೇರ್ಸು."

"ಅರ್ಜೀಲಿ ಹಂಗೆಲ್ಲ ಬರೀಬಾರ್ದು ಆಪಾ."

"ನಾನು ಹೇಳ್ತಿರೋದು, ನೀನು ಬರೀತಿರೋದು. ಬರಿ."

'ವಿವೇಚನೆಯಲ್ಲಿ ಕತ್ತೆಗೆ ಸಮಾನನಾದ' ಅಂತ ಬರೆದೆ. ಓದಿ ಹೇಳಿದಾಗ ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ.

ದಾಖಲೆಯ ಪಾಡು ಬೇರೆಯೇ ಇತ್ತು. ಆಪಾಳ ಆಧಾರ್ ಕಾರ್ಡಿನಲ್ಲಿ ಗಂಡ ಇದ್ದಾಗಿನ ಹಳೇ ಬೀದಿಯ ವಿಳಾಸ. ಅದನ್ನು ಬದಲಾಯಿಸಲು ಇಬ್ಬರೂ ಬಸ್ಸಿನಲ್ಲಿ ರಾಮನಗರಕ್ಕೆ ಹೋದೆವು. ಸಾಲಿನಲ್ಲಿ ಅರ್ಧಕ್ಕರ್ಧ ನೂಲು ತೆಗೆಯುವವರೇ. ಆಪಾ ಹೆಬ್ಬೆಟ್ಟು ಇಟ್ಟಳು, ಯಂತ್ರ ಕೆಂಪು ದೀಪ ತೋರಿಸಿತು. ಹತ್ತೂ ಬೆರಳು ಆಯಿತು. ಕುದಿನೀರಿನಲ್ಲಿ ನಲವತ್ತು ವರ್ಷ ನೆಂದ ಬೆರಳಿನಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ನನ್ನ ಅರಗು ಹಚ್ಚಿದ ಬೊಂಬೆಯಷ್ಟು ನುಣುಪು. ಸಾಲಿನವರೆಲ್ಲ ಸಲಹೆಗೆ ಇಳಿದರು.

"ತಲೆಗೂದ್ಲಿಗೆ ಉಜ್ಜಿ ಇಡಿ ಅಮ್ಮಾ!"

"ಒಸಿ ವ್ಯಾಸ್ಲಿನ್ ಹಚ್ಚಿ!"

"ಮೂರು ದಿನ ಕೆಲ್ಸ ಬುಟ್ಟು ಬನ್ನಿ, ಒಂದೆರ್ಡು ಗೆರೆ ಬತ್ತವೆ!"

"ಎರಡು ವರ್ಸಾತು ಬುಟ್ಟು," ಅಂದಳು ಆಪಾ. "ಒಂದ್ಗೆರೇನೂ ಬಂದಿಲ್ಲ."

ಕಣ್ಣು ನೋಡೋಣವೆಂದರು. ಕಣ್ಣಿಗೆ ಪೊರೆ ಬಂದಿದ್ದರಿಂದ ಅದೂ ಆಗಲಿಲ್ಲ. ಯಂತ್ರ ಸರಿಯಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ಅಲ್ಲಿದ್ದ ಹುಡುಗಿ ನನ್ನ ಬೆರಳು ಇಡಿಸಿದಳು. ಒಂದೇ ಸಲಕ್ಕೆ ಹಸಿರು ದೀಪ. ಸುಳ್ಳಿಗೆ ಸಹಿ ಹಾಕಿದ ಬೆರಳಿಗೆ ಹಸಿರು! ವಾಪಸು ಬಸ್ಸಿನಲ್ಲಿ ಆಪಾ ಕಿಟಕಿಯಾಚೆ ನೋಡುತ್ತ ಹೇಳಿದಳು. "ನಮ್ ರಾಮನಗರ ಜಿಲ್ಲೆ ಹೆಸ್ರೇ ಬದ್ಲಾಯಿಸ್ಬುಟ್ರಂತೆ. ಅದನ್ಯಾರೂ ಹೆಬ್ಬೆಟ್ಟು ಕೇಳ್ಲಿಲ್ವಲ್ಲ."

ವಿಚಾರಣೆಯ ದಿನ ಹತ್ತಿರ ಬಂತು. ಅಲ್ಲಿ ನನ್ನ ಹೆಸರು ಕೂಗುತ್ತಾರೆ, ಅವಳು ಪಕ್ಕದಲ್ಲೇ ಇರುತ್ತಾಳೆ. "ನೀನು ಬರೋದೇನೂ ಬೇಡ ಆಪಾ, ಉತ್ತರ ನಾನೇ ಕೊಟ್ಟು ಬತ್ತೀನಿ" ಅಂದೆ. ಅವಳು ನನ್ನ ಮುಖವನ್ನೇ ನೋಡಿ, "ಕೊಡ್ತೀಯಲ್ಲ?" ಅಂದಳು. "ಕೊಡ್ತೀನಿ" ಅಂದೆ.

ಕೊಟ್ಟುಬಿಡಬೇಕು ಎಂದುಕೊಂಡೇ ಹೋಗಿದ್ದೆ. ನಾಲ್ಕು ಪುಟ ಜೇಬಿನಲ್ಲಿತ್ತು. ಅಧಿಕಾರಿ ನನ್ನ ನಮೂನೆಯನ್ನು ಮುಂದಿಟ್ಟುಕೊಂಡು, ಇದರಲ್ಲಿ ಬರೆದದ್ದು ನಿಜವೇ ಎಂದು ಕೇಳಿದರು. ಜೊತೆಗೆ ನಮೂನೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಸುಳ್ಳು ಘೋಷಣೆ ಮಾಡಿದರೆ ಜೈಲು ಶಿಕ್ಷೆಯಾಗಬಹುದು ಎಂದಿತ್ತು. ಊರಿನವರಿಗೆಲ್ಲ ನಮೂನೆ ಓದಿ ಹೇಳುವ ನಾನು ಆ ಸಾಲನ್ನು ಓದಿಯೇ ಇರಲಿಲ್ಲ. "ಹೌದು, ನಿಜ" ಅಂದುಬಿಟ್ಟೆ. ಆಕೆ ಬಂದಿಲ್ಲವೇ, ಉತ್ತರವಾದರೂ ಕಳಿಸಿದ್ದಾರೆಯೇ ಎಂದು ಕೇಳಿದರು. ಜೇಬಿನ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನಿಂತೆ. ಎರಡು ನಿಮಿಷದಲ್ಲಿ ವಿಚಾರಣೆ ಮುಗಿಯಿತು. ಹೊರಗೆ ಬಂದು ಕಬ್ಬಿನ ಹಾಲು ಕುಡಿದೆ.

ಹೆಸರು ತೆಗೆದ ಆದೇಶ ಬಂತು. ಆಪಾ ಮತ್ತೆ ಲೇತಿನ ಮುಂದೆ ಬಂದು ಕೂತಳು. ಓದಿ ಹೇಳಿದೆ. ಈ ಸಲ ಅವಳು ನಗಲಿಲ್ಲ. ಅವಳು ಹೇಳಿದ ಮಾತು ಇದು.

"ನಮ್ಮಪ್ಪನ ಮನೇಲಿದ್ದಾಗ ಉಸ್ತಾದ್ರ ಮಗ್ಳು. ಆಮೇಲೆ ನೂಲಿನ ಸಾಬ್ರ ಹೆಂಡ್ತಿ. ಆಮೇಲೆ ಇವ್ರ ತಾಯಿ, ಅವ್ರ ಅಜ್ಜಿ. ನೀನು ಆಪಾ ಅಂತೀಯ. ಓಟಿನ ದಿನ ಮಾತ್ರ ಆ ಮೇಜಿನ್ಹಿಂದೆ ಕೂತಿರೋನು ಪಟ್ಟಿ ನೋಡಿ ನನ್ನ ಹೆಸ್ರು ಜೋರಾಗಿ ಕೂಗ್ತಾನೆ. ಇಡೀ ರೂಮಿಗೆ ಕೇಳೋ ಹಂಗೆ. ಅದಕ್ಕೇ ಕಣ್ಲಾ ನಾನು ಒಂದು ಓಟೂ ತಪ್ಪಿಸ್ದೋಳಲ್ಲ. ಯಾರಿಗೆ ಹಾಕ್ತೀನಿ ಅನ್ನೋದು ಆಮೇಲಿನ ಮಾತು."

ನಾನು ಉಳಿ ಹಿಡಿದುಕೊಂಡೇ ಇದ್ದೆ. ಲೇತಿನ ಮೇಲಿನ ತುಂಡು ಸುಮ್ಮನೆ ಸುತ್ತುತ್ತಿತ್ತು.

ಮೇಲ್ಮನವಿಗೆ ಹದಿನೈದು ದಿನದ ಗಡುವು. ಇದು ನನ್ನ ಅಕ್ಷರಕ್ಕೆ ಮೀರಿದ ಕೆಲಸ ಅಂತ ಹೇಳಿ ರಾಮನಗರದ ಒಬ್ಬ ವಕೀಲೆಯ ಹತ್ತಿರ ಕರೆದುಕೊಂಡು ಹೋದೆ. ಮಾಗಡಿ ತಾಲ್ಲೂಕಿನ ಹುಡುಗಿ, ದಿನಾ ಕುದೂರಿನಿಂದ ಬಸ್ಸು ಹಿಡಿದು ಬರುತ್ತಾಳೆ. ಮಾತು ಬೇಗ, ಓದು ಅದಕ್ಕಿಂತ ಬೇಗ. ಇಂಥ ಗುರುತಿನ ದಾಖಲೆಯ ನಿಯಮಗಳನ್ನೇ ಪ್ರಶ್ನಿಸಿ ದೊಡ್ಡ ಕೋರ್ಟುಗಳಲ್ಲೂ ವಾದ ನಡೆಯುತ್ತಿದೆ ಎಂದು ವಿವರಿಸಿದಳು. "ಒಂದ್ಸಲ ಪಟ್ಟೀಲಿ ಹೆಸ್ರು ಇದ್ಮೇಲೆ, ಇವ್ರು ಇಲ್ಲಿಲ್ಲ ಅನ್ನೋನೇ ಅದನ್ನ ಸಾಬೀತು ಮಾಡ್ಬೇಕು ಅಜ್ಜಿ. ಬೆರಳು ತೋರ್ಸಿ, ಕಣ್ಣು ತೋರ್ಸಿ ಅಂತ ನೀವ್ಯಾಕೆ ಓಡಾಡ್ಬೇಕು? ಅದೇ ನಮ್ಮ ವಾದ." ಆಮೇಲೆ ಕಾಗದ ಕೊಡಿ ಅಂದಳು. ನಾನು ಗಾಬರಿಯಲ್ಲಿ ಇಡೀ ಕಟ್ಟನ್ನೇ ಕೊಟ್ಟುಬಿಟ್ಟೆ, ಜೇಬಿನಲ್ಲಿ ಮಡಿಚಿ ಮಡಿಚಿ ಹಳೆಯದಾಗಿದ್ದ ನಾಲ್ಕು ಪುಟವನ್ನೂ ಸೇರಿಸಿ.

"ಈ ಉತ್ತರ ಬರ್ದೋರು ಯಾರು?"

"ನಾನೇ ಕಣಮ್ಮ."

"ಅಕ್ಷರ ಚೆನ್ನಾಗೈತೆ ಅಜ್ಜ." ಅದರ ಪಕ್ಕಕ್ಕೆ ಏಳನೇ ನಮೂನೆಯ ಜೆರಾಕ್ಸ್ ಇಟ್ಟಳು. "ಇದೂ ಚೆನ್ನಾಗೈತೆ."

ಅವಳು ಮುಂದುವರಿಸಿದಳು. "ಈ ಉತ್ತರದ ಮೇಲೆ ಕಚೇರಿ ಸೀಲೇ ಇಲ್ವಲ್ಲ ಅಜ್ಜ. ಕೊಡ್ಲೇ ಇಲ್ವಾ?"

ಇನ್ನು ಓಡಲು ಜಾಗವಿರಲಿಲ್ಲ. ಕುರ್ಚಿಯಿಂದ ಎದ್ದೆ. ಯಾಕೆ ಎದ್ದೆನೋ, ಶಾಲೆಯಲ್ಲಿ ಮೇಷ್ಟ್ರು ಕೇಳಿದರೆ ಎದ್ದು ನಿಲ್ಲುತ್ತಿದ್ದ ಅಭ್ಯಾಸ ಇರಬೇಕು. ಆಪಾ ಕಡೆ ತಿರುಗಿ ಎಲ್ಲ ಹೇಳಿದೆ. ಶಿಬಿರ, ಶಿಳ್ಳೆ, ಹೌದು ನಿಜ ಅಂದದ್ದು, ಜೇಬು, ಕಬ್ಬಿನ ಹಾಲು, ಏನನ್ನೂ ಬಿಡಲಿಲ್ಲ. ಕೊನೆಗೆ, "ಕುದ್ರೇನ ಕತ್ತೆ ಅಂದ್ಬುಟ್ಟೆಯಲ್ಲ ಆಪಾ, ಅದಕ್ಕೆ" ಅಂದೆ. ಜೋರಾಗಿ ಹೇಳಿದ ಮೇಲೆ ಆ ಕಾರಣ ಎಷ್ಟು ಚಿಕ್ಕದಾಗಿ ಕೇಳಿಸಿತೆಂದರೆ ವಕೀಲೆ ಫೈಲಿನ ಹಿಂದೆ ಮುಖ ಮರೆಸಿಕೊಂಡಳು.

ಆಪಾ ಕೂತಲ್ಲೇ ಕೂತಿದ್ದಳು.

"ಈಗ ಎದ್ಯಾ? ಎಷ್ಟು ದಿನ ಕಾಯ್ಸಿದ್ಯಲ್ಲಾ!"

"ಅಂದ್ರೆ? ನಿಂಗೊತ್ತಿತ್ತಾ?"

"ಮೊದಲ್ನೇ ದಿನಾನೇ ಗೊತ್ತಿತ್ತು." ಜೆರಾಕ್ಸಿನ ಮೇಲೆ ಆ ನುಣುಪು ಬೆರಳು ಇಟ್ಟಳು. "ನಂಗೆ ಓದಕ್ಕೆ ಬರಲ್ಲ. ಕೈ ಗುರ್ತು ಸಿಗಲ್ವಾ? ನಮ್ಮಪ್ಪನ ಹತ್ರ ನಾಲ್ಕು ಜನ ಕಲೀತಿದ್ರಿ. ಯಾವ ಬೊಂಬೆ ಯಾರ್ದು ಅಂತ ದೂರದಿಂದ್ಲೇ ಹೇಳ್ತಿದ್ದೆ. ಇಲ್ನೋಡು, ಅಕ್ಷರದ ತಲೆ ಮೇಲೆ ಎಲ್ಲದಕ್ಕೂ ಉದ್ದುದ್ದ ಕಿವಿ. ನಿನ್ ಕುದ್ರೆ ಕಿವೀನೇ."

ನಾನು ಬಾಗಿ ನೋಡಿದೆ. ಹೌದು. ಐವತ್ತು ವರ್ಷದಿಂದ ನಾನು ತಲೆಕಟ್ಟುಗಳನ್ನು ಮೇಲಕ್ಕೆ ಎಳೆದು ಎಳೆದು ಬರೆಯುತ್ತಿದ್ದೆ, ಅದೇ ಅಂದ ಎಂದುಕೊಂಡಿದ್ದೆ. ಒಂದೊಂದು ಅಕ್ಷರದ ಮೇಲೂ ಕತ್ತೆಯ ಕಿವಿಗಳು ನಿಮಿರಿ ನಿಂತಿದ್ದವು.

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ನಿನ್ ಬಾಯಲ್ಲಿ ಬರ್ಲಿ ಅಂತ. ನಾಲ್ಕು ಪುಟ ನಿನ್ ಕೈಲೇ ನಿನ್ನ ಬೈಸಿದ್ನಲ್ಲ, ಅದ್ರಲ್ಲೇ ಕರಗ್ತೀಯ ಅಂದ್ಕೊಂಡೆ. ಅವತ್ತು ಕಚೇರೀಲಿ ಹೇಳ್ಬುಟ್ಟು ಬತ್ತೀಯ ಅಂತ ಅನ್ನಕ್ಕಿಟ್ಟು ಕಾದೆ. ನೀನು ಬಂದೋನು ಬಾಗ್ಲ ಮುಂದ್ಲಿಂದ್ಲೇ ತಲೆ ಬಗ್ಗಿಸ್ಕೊಂಡು ಹೋದೆ." ಅಲ್ಲಿಗೆ ಅವಳ ದನಿ ಒಡೆಯಿತು. "ಹೆಸ್ರು ಹೋಗುತ್ತೆ ಅಂತ ಮಾತ್ರ ನಾನು ಅಂದ್ಕೊಂಡಿರ್ಲಿಲ್ಲ ಕಣ್ಲಾ. ಅಷ್ಟು ನಂಬಿದ್ದೆ."

ನಾನು ಅವಳ ಕಾಲು ಮುಟ್ಟಲು ಬಗ್ಗಿದೆ. ಬಗ್ಗಿದವನಿಗೆ ಸೊಂಟ ಹಿಡಿದುಕೊಂಡು ಏಳಲಾಗಲಿಲ್ಲ. ಆಪಾ ಒಂದು ಕಡೆ, ವಕೀಲೆ ಇನ್ನೊಂದು ಕಡೆ ಹಿಡಿದು ಎತ್ತಿ ಕೂರಿಸಿದರು. ಎತ್ತುವಾಗ ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಅಳುತ್ತಿದ್ದ ಆಪಾಳೇ ಇರಬೇಕು.

ಮೇಲ್ಮನವಿಯ ವಿಚಾರಣೆಗೆ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ವಕೀಲೆ ನೂಲಿನವರ ಬೆರಳಿನ ವಿಷಯ ಹೇಳಿದಳು, ಸಾಬೀತು ಮಾಡಬೇಕಾದವರು ಯಾರು ಎಂಬುದನ್ನು ಹೇಳಿದಳು, ಆಮೇಲೆ ನನ್ನನ್ನು ತೋರಿಸಿದಳು.

"ನೀವು ಯಾರು?" ಎಂದರು ಮೇಲಧಿಕಾರಿ.

"ಆಕ್ಷೇಪಣೆ ಬರೆದವನು ನಾನು ಸ್ವಾಮಿ. ಅದಕ್ಕೆ ಉತ್ತರ ಬರೆದವನೂ ನಾನೇ."

ಅವರು ಎರಡು ಕಾಗದವನ್ನೂ ನೋಡಿದರು, ನನ್ನನ್ನು ನೋಡಿದರು. "ಇದರಲ್ಲಿ ಆಕ್ಷೇಪಣೆದಾರನು ಕತ್ತೆಗೆ ಸಮಾನ ಅಂತ ಬರೆದಿದೆಯಲ್ಲ?"

"ಅದು ನಿಜ ಸ್ವಾಮಿ. ಈಕೆ ಊರು ಬಿಟ್ಟಿದ್ದಾರೆ ಅಂತ ಬರೆದದ್ದು ಸುಳ್ಳು."

ಹಿಂದೆ ಬೆಂಚಿನಲ್ಲಿ ಕೂತಿದ್ದವರು ನಕ್ಕರು. ಅಧಿಕಾರಿ ನಗಲಿಲ್ಲ. ಸುಳ್ಳು ಘೋಷಣೆ ಅಪರಾಧ, ಗೊತ್ತೇ ಎಂದು ಕೇಳಿದರು. ಕೊನೆಯ ಸಾಲು ಈಗ ಬಾಯಿಪಾಠವಾಗಿದೆ ಎಂದೆ. ನನ್ನ ಹೇಳಿಕೆಯನ್ನು ಬರೆಸಿಕೊಂಡರು. ಸಹಿ ಹಾಕುವಾಗ ಅಕ್ಷರದ ಕಿವಿಗಳನ್ನು ಗಿಡ್ಡ ಮಾಡಲು ನೋಡಿದೆ, ಕೈ ಕೇಳಲಿಲ್ಲ.

ಆಪಾಳ ಹೆಸರನ್ನು ಮತ್ತೆ ಸೇರಿಸಬೇಕೆಂದು ಆದೇಶವಾಯಿತು. ನನ್ನ ಮೇಲಿನ ವಿಷಯ ಇನ್ನೂ ಮುಗಿದಿಲ್ಲ, ವಿವರಣೆ ಕೇಳಿ ನನಗೊಂದು ನೋಟಿಸು ಬಂದಿದೆ. ಅದೇ ವಕೀಲೆ ನೋಡುತ್ತಿದ್ದಾಳೆ. ಆಪಾ ತಾನೂ ಬಂದು ಸಾಕ್ಷಿ ಹೇಳುತ್ತಾಳಂತೆ. ಏನು ಹೇಳುತ್ತೀಯ ಎಂದರೆ, "ಕತ್ತೆ, ಆದ್ರೆ ನಮ್ಮನೆ ಕತ್ತೆ ಅಂತೀನಿ" ಅನ್ನುತ್ತಾಳೆ. ಶಿಕ್ಷೆ ಆದರೆ ಆಗಲಿ. ಯಾರಾದರೂ ಏಳನೇ ನಮೂನೆ ಬರೆದುಕೊಡಿ ಅಂತ ಬಂದರೆ ಈಗ ಮೊದಲು ಕೊನೆಯ ಸಾಲು ಓದಿ ಹೇಳುತ್ತೇನೆ, ಆಮೇಲೆ ಈ ಕಥೆ ಹೇಳುತ್ತೇನೆ. ಇಲ್ಲಿಯವರೆಗೆ ಇಬ್ಬರು ಕಾಗದ ಮಡಿಚಿಕೊಂಡು ಮನೆಗೆ ಹೋಗಿದ್ದಾರೆ.

ಹೋದ ವಾರ ಶಾಲೆಯ ಗೋಡೆಗೆ ಹೊಸ ಪಟ್ಟಿ ಅಂಟಿಸಿದರು. ಆಪಾ ಬೆಳಿಗ್ಗೆಯೇ ಬಂದು ಲೇತು ನಿಲ್ಲಿಸು ಅಂದಳು. ಹೋದೆವು. ಬೆರಳು ಓಡಿಸಿ ಹುಡುಕಿದೆ. ಇತ್ತು. ಅವಳ ಪೂರ್ತಿ ಹೆಸರು, ಉಸ್ತಾದರು ಇಟ್ಟ ಹೆಸರು. ಐವತ್ತು ವರ್ಷದಲ್ಲಿ ನಾನು ಎಷ್ಟೋ ಅರ್ಜಿಗಳಲ್ಲಿ ಬರೆದಿದ್ದ ಆ ಹೆಸರನ್ನು ಒಂದು ಸಲವೂ ಬಾಯಿಬಿಟ್ಟು ಕರೆದಿರಲಿಲ್ಲ.

"ಐತೆ ಆಪಾ."

"ಐತೆ ಅಂದ್ರೆ ಆಯ್ತಾ? ಓದು. ಓಟಿನ ಮೇಜಿನೋನು ಕೂಗೋ ಹಂಗೆ."

ಓದಿದೆ.

"ಕೇಳ್ಸಲಿಲ್ಲ."

ಇನ್ನೂ ಜೋರಾಗಿ ಓದಿದೆ. ಆಟದ ಬಯಲಿನಲ್ಲಿದ್ದ ಮೇಷ್ಟ್ರು ತಿರುಗಿ ನೋಡಿದರು. ಟೀ ಅಂಗಡಿಯವನು ಲೋಟ ಹಿಡಿದು ಹೊರಗೆ ಬಂದ. ಆಪಾ ಸೆರಗು ಸರಿ ಮಾಡಿಕೊಂಡು, ಮತಗಟ್ಟೆಯಲ್ಲಿ ನಿಂತವಳ ಹಾಗೆ ನೆಟ್ಟಗೆ ನಿಂತಳು.

"ಇನ್ನೊಂದ್ಸಲ."

ಎದೆ ತುಂಬ ಉಸಿರು ಎಳೆದುಕೊಂಡು ಕೂಗಿದೆ. ಗೋಡೆಯಾಚೆಯಿಂದ ಅದೇ ಹೆಸರಿನ ಇನ್ಯಾರೋ, ತಮ್ಮನ್ನೇ ಕರೆದರೆಂದುಕೊಂಡು, ಬಂದೇ ತಡಿಯಪ್ಪಾ ಅಂದರು. ಅದಕ್ಕೆ ಆಪಾ ಗೋಡೆ ಹಿಡಿದುಕೊಂಡು ನಕ್ಕಳು, ನಾನು ಪಟ್ಟಿ ಹಿಡಿದುಕೊಂಡು ನಕ್ಕೆ. ನಗು ನಿಂತ ಮೇಲೆ ಅವಳು, "ಸಾಕು, ಇವತ್ತಿಗೆ" ಅಂದಳು.